ಒಂದು ಸೆಕೆಂಡೂ ಬಾಳದ ಒಎಚ್ ರ‍್ಯಾಡಿಕಲ್ಲನ್ನು ಲೇಸರ್‌ನಿಂದ ಹೇಗೆ ಅಳೆಯುತ್ತಾರೆ?

ಒಎಚ್ ಅಂದರೆ ಒಂದು ಆಕ್ಸಿಜನ್, ಒಂದು ಹೈಡ್ರೋಜನ್ ಪರಮಾಣು ಸೇರಿದ, ಬೇರೆ ಅಣುಗಳ ಜೊತೆ ತಟ್ಟನೆ ಕ್ರಿಯೆ ನಡೆಸುವ ತುಣುಕು. ಮುಂಬೈಯ ಚೆಂಬೂರಿನ ಹೊಗೆಯಂಥದ್ದನ್ನು ಹಗಲಿನಲ್ಲಿ ಗಾಳಿಯಿಂದ ತೊಳೆಯುವ ಮುಖ್ಯ ಆಳು ಇದೇ. ಚೆಂಬೂರಿಗೆ ಹತ್ತಿರವೇ ಇರುವ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲೂ (ಬಿಎಆರ್‌ಸಿ) ಲೇಸರ್ ಬಳಸಿ ಇದರ ಮೇಲೆ ಕೆಲಸ ಮಾಡಿದ್ದಾರೆ.

ಲ್ಯಾಬ್‌ನಲ್ಲಿ ಎರಡು ಲೇಸರ್ ಬೇಕು. ಮೊದಲನೆಯದು, ಉದಾಹರಣೆಗೆ 248 ನ್ಯಾನೊಮೀಟರ್ ತರಂಗಾಂತರದ್ದು, ಹೈಡ್ರೋಜನ್ ಪೆರಾಕ್ಸೈಡನ್ನು ಒಡೆಯುತ್ತದೆ. ಒಂದು ಅಣುವಿನಿಂದ ಎರಡು ಒಎಚ್. ಕೆಲವು ಮೈಕ್ರೋಸೆಕೆಂಡ್ ಬಿಟ್ಟು ಎರಡನೇ ಲೇಸರ್ 282ರ ಆಸುಪಾಸಿನಲ್ಲಿ ಹೊಡೆಯುತ್ತದೆ. ಅದನ್ನು ಹೀರಿದ ಒಎಚ್ 308ರ ಹತ್ತಿರ ಹೊಳೆಯುತ್ತದೆ. ಎರಡೂ ಬೇರೆ ಬಣ್ಣ ಅಲ್ವಾ, ಹಾಗಾಗಿ ಚದುರಿದ ಲೇಸರ್ ಬೆಳಕನ್ನು ಫಿಲ್ಟರ್ ತಡೆಯುತ್ತದೆ, ಹೊಳಪು ಮಾತ್ರ ಫೋಟೋಮಲ್ಟಿಪ್ಲೈಯರಿಗೆ (ತೀರಾ ಮಂದ ಬೆಳಕನ್ನೂ ಗುರುತಿಸುವ ಸಾಧನ) ಸಿಗುತ್ತದೆ. ಎರಡು ಹೊಡೆತಗಳ ನಡುವಿನ ಸಮಯ ಹೆಚ್ಚಿಸುತ್ತಾ ಹೋದಂತೆ ಹೊಳಪು ಕುಗ್ಗುತ್ತದೆ. ಗಿಡಮರಗಳು ಬಿಡುವ ಐಸೊಪ್ರೀನ್ ಸೇರಿಸಿದರೆ ಇನ್ನೂ ಬೇಗ ಕುಗ್ಗುತ್ತದೆ. ಆ ವ್ಯತ್ಯಾಸದಿಂದ ಒಎಚ್ ಮತ್ತು ಐಸೊಪ್ರೀನ್ ನಡುವಿನ ಕ್ರಿಯೆಯ ವೇಗ ತಿಳಿಯುತ್ತದೆ. ಸುಮ್ನೆ ಕಾಯುವ ಸಮಯ ಬದಲಿಸಿ ಇಷ್ಟು ಚುರುಕಾದ ವಸ್ತುವನ್ನು ಅಳೆಯಬಹುದು ಅನ್ನೋದು ನನಗೆ ಈಗಲೂ ಬೆರಗು!

ಹೊರಗಿನ ಗಾಳಿಯಲ್ಲಿ ಕೆಲಸ ಕಷ್ಟ. ಒಂದು ಘನ ಸೆಂಟಿಮೀಟರಿನಲ್ಲಿ ಸುಮಾರು 2.5 ಲಕ್ಷ ಕೋಟಿ ಕೋಟಿ ಅಣುಗಳಿದ್ದರೆ ಒಎಚ್ ಇರುವುದು 10 ಲಕ್ಷದ ಆಸುಪಾಸು. ಗಾಳಿಯನ್ನು ಸಣ್ಣ ತೂತಿನಿಂದ ಕಡಿಮೆ ಒತ್ತಡದ ಪೆಟ್ಟಿಗೆಗೆ ಎಳೆಯುತ್ತಾರೆ. ಇಲ್ಲದಿದ್ದರೆ ಒಎಚ್ ಹೊಳೆಯುವ ಮೊದಲೇ ಬೇರೆ ಅಣುಗಳು ಡಿಕ್ಕಿ ಹೊಡೆದು ಅದರ ಶಕ್ತಿ ಕಸಿಯುತ್ತವೆ. ಇನ್ನೊಂದು ತೊಡಕೂ ಇದೆ: ಲೇಸರ್ ಓಝೋನನ್ನು ಒಡೆದು, ಅದರಿಂದ ಬಂದ ಆಕ್ಸಿಜನ್ ಪರಮಾಣು ನೀರಾವಿಯ ಜೊತೆ ಸೇರಿ, ಇಲ್ಲದ ಒಎಚ್ ಹುಟ್ಟಿಸುತ್ತದೆ. 282ರಲ್ಲಿ ಈ ಕಾಟ ಜಾಸ್ತಿ. ಹಾಗಾಗಿ ಹೊರಗಿನ ಅಳತೆಗೆ ಸಾಮಾನ್ಯವಾಗಿ 308ರ ಲೇಸರ್ ಬಳಸುತ್ತಾರೆ. ಮುಂಬೈಯಂಥ ತೇವದ ಗಾಳಿಯಲ್ಲಂತೂ ಇದನ್ನು ಮರೆಯುವ ಹಾಗೇ ಇಲ್ಲ.