ಜಿಪಿಎಸ್ ರಿಸೀವರ್ ಟೆಸ್ಟ್ ಮಾಡೋಕೆ ಸಿಮ್ಯುಲೇಟರ್ (ಸ್ಯಾಟಲೈಟ್ ಥರದ್ದೇ ಸಿಗ್ನಲ್ ತಾನೇ ಹುಟ್ಟಿಸೋ ಯಂತ್ರ) ಯಾಕೆ, ಟೆರೇಸ್ ಮೇಲೆ ಇಟ್ಟು ನೋಡಿದ್ರೆ ಸಾಲದಾ?

ಟೆರೇಸಲ್ಲಿ ಫಿಕ್ಸ್ (ಅಂದ್ರೆ ಇರೋ ಜಾಗದ ಲೆಕ್ಕ) ಬರುತ್ತೆ ನಿಜ, ಆದ್ರೆ ಬೆಳಗ್ಗೆ ತಲೆ ಮೇಲಿದ್ದ ಸ್ಯಾಟಲೈಟ್‌ಗಳು ಮಧ್ಯಾಹ್ನಕ್ಕೆ ಇರಲ್ಲ, ಹಂಗಿದ್ದಾಗ ಎರಡು ರಿಸೀವರ್ ಹೋಲಿಸೋದು ಹೆಂಗೆ? ಸಿಮ್ಯುಲೇಟರಲ್ಲಿ ಒಂದೇ ಸೀನಾರಿಯೋನ (ಯಾವ ಜಾಗ, ಯಾವ ಹೊತ್ತು, ಯಾವ ಸ್ಯಾಟಲೈಟ್‌ಗಳು ಅನ್ನೋ ಸೆಟ್ಟಿಂಗ್) ನೂರು ಸಲ ಓಡಿಸ್ಬಹುದು, ನಿಜವಾದ ಪೊಸಿಷನ್ ನೀವೇ ಕೊಟ್ಟಿರೋದ್ರಿಂದ ಎರರ್ ಎಷ್ಟು ಅಂತ ಸರಿಯಾಗಿ ಲೆಕ್ಕ ಸಿಗುತ್ತೆ. ಸೆನ್ಸಿಟಿವಿಟಿ (ಎಷ್ಟು ದುರ್ಬಲ ಸಿಗ್ನಲ್‌ವರೆಗೂ ಹಿಡಿಯುತ್ತೆ ಅನ್ನೋದು) ನೋಡೋಕೆ ಜಿಪಿಎಸ್‌ನ 1575.42 ಮೆಗಾಹರ್ಟ್ಸ್ ಸಿಗ್ನಲ್‌ನ ಸುಮಾರು ಮೈನಸ್ 130 ಡಿಬಿಎಂನಿಂದ (ಡಿಬಿಎಂ ಅಂದ್ರೆ ಸಿಗ್ನಲ್ ಬಲದ ಅಳತೆ) ಶುರು ಮಾಡಿ ಒಂದೊಂದೇ ಡಿಬಿ ಇಳಿಸ್ತಾ ಹೋಗಿ, ಎಲ್ಲಿ ಲಾಕ್ (ರಿಸೀವರ್‌ಗೆ ಸಿಗ್ನಲ್ ಮೇಲಿರೋ ಹಿಡಿತ) ಬಿಟ್ಟೋಗುತ್ತೋ ಅದೇ ಅದರ ಮಿತಿ.

ಸಿಮ್ಯುಲೇಟರಿಂದ ರಿಸೀವರ್‌ಗೆ ಹೋಗೋ ಕೇಬಲ್ ಮಧ್ಯೆ ಡಿಸಿ ಬ್ಲಾಕ್ (ಸಿಗ್ನಲ್‌ಗೆ ದಾರಿ ಬಿಟ್ಟು ಡಿಸಿ ವೋಲ್ಟೇಜ್ ತಡೆಯೋ ಭಾಗ) ಹಾಕೋದು ಮಾತ್ರ ಮರೀಬೇಡಿ, ರಿಸೀವರ್ ಆಂಟೆನಾಗೆ ಅಂತ ಕಳ್ಸೋ ವೋಲ್ಟೇಜ್ ಸಿಮ್ಯುಲೇಟರ್ ಒಳಗೆ ಹೋಗ್ಬಾರ್ದು. ಆಮೇಲೆ ಸೀನಾರಿಯೋದ ತಾರೀಖು ಹಳೇದಿದ್ರೆ ರಿಸೀವರ್ ಮೆಮೊರಿಲಿರೋ ಟೈಮ್ ಜೊತೆ ತಾಳೆ ಆಗಲ್ಲ, ಫಿಕ್ಸೇ ಬರ್ದೆ ಒದ್ದಾಡುತ್ತೆ (ನಾನು ಇದ್ರಲ್ಲೇ ಅರ್ಧ ದಿನ ಕಳ್ಕೊಂಡಿದೀನಿ), ಅದಕ್ಕೆ ಪ್ರತಿಸಲ ಕೋಲ್ಡ್ ಸ್ಟಾರ್ಟ್ (ರಿಸೀವರ್ ಮೆಮೊರಿಲಿರೋದನ್ನ ಅಳಿಸಿ ಹೊಸದಾಗಿ ಶುರು ಮಾಡಿಸೋದು) ಕೊಟ್ಟೇ ಶುರು ಮಾಡಿ.