ಹೇಮಕುಂಡದ ಏರಿನಲ್ಲಿ ತಲೆನೋವು, ವಾಂತಿ

ಉತ್ತರಾಖಂಡದ ಹೇಮಕುಂಡ ಸರೋವರಕ್ಕೆ ಕಳೆದ ಸಲ ಹೋದಾಗ ತಲೆನೋವು, ವಾಂತಿ ಬಂದದ್ದೇಕೆ, ಈ ಸಲ ಹೇಗೆ ಹೋಗಲಿ ಎಂದು ಕೇಳಿದ್ದೀರಿ. ಏರು ಶುರುವಾಗುವ ಹಳ್ಳಿ ಘಾಂಗ್ರಿಯಾ ತಲುಪಿದ ಮರುದಿನವೇ ಹತ್ತಿದ್ದರಿಂದ, ಅದು ಬಹುಶಃ ಎತ್ತರದಿಂದ ಬಂದದ್ದು. ನೀರು ಸಾಲದ್ದೂ ಸೇರಿರಬಹುದು. ಘಾಂಗ್ರಿಯಾ ಸುಮಾರು 3,050 ಮೀಟರ್, ಹೇಮಕುಂಡ 4,300ಕ್ಕೂ ಮೇಲೆ, ನಡುವೆ ಬರೀ 6 ಕಿ.ಮೀ. ಏರು.

ಈ ಸಲ ದೇಹ ಎತ್ತರಕ್ಕೆ ಒಗ್ಗಲು ದಾರಿಯಲ್ಲಿ ಸಿಗುವ ಜೋಶಿಮಠ ಪಟ್ಟಣದಲ್ಲಿ ಒಂದು ರಾತ್ರಿ ಇದ್ದು, ಘಾಂಗ್ರಿಯಾದಲ್ಲಿ ಮೂರು ರಾತ್ರಿ ಉಳಿಯಿರಿ. ಮೊದಲು ಹತ್ತಿರದ ಹೂಕಣಿವೆ (ವ್ಯಾಲಿ ಆಫ್ ಫ್ಲವರ್ಸ್), ಮರುದಿನ ಹೇಮಕುಂಡ. ಕಣಿವೆಗೆ ಗೇಟು ತೆರೆಯುತ್ತಲೇ ಹೋಗಿ. ಹೊತ್ತೇರಿದಂತೆ ಮೋಡ ಕವಿದು ತಿಪ್ರಾ ಹಿಮನದಿ ಮರೆಯಾಗುವುದೇ ಹೆಚ್ಚು. ಹೂವು, ಹಿಮನದಿ ಎರಡೂ ನೋಡಬೇಕೆಂದರೆ ಆಗಸ್ಟ್ ಕೊನೆ ಒಳ್ಳೆಯದು, ಆದರೂ ಆಕಾಶ ತಿಳಿಯಾಗಿರುತ್ತದೆ ಎಂದು ಹೇಳಲಾಗದು.

ಎತ್ತರದ ತೊಂದರೆ ತಡೆಯುವ ಮಾತ್ರೆ ಡಯಾಮಾಕ್ಸ್ ಬೇಕೇ ಎಂದು ವೈದ್ಯರನ್ನು ಕೇಳಿ, ಸಲ್ಫಾ ಔಷಧಗಳ ಅಲರ್ಜಿ ಇದ್ದರೆ ತಿಳಿಸಿ. ತಲೆನೋವಿನ ಜೊತೆ ವಾಂತಿ ಶುರುವಾದರೆ ದಯವಿಟ್ಟು ಅಲ್ಲಿಂದಲೇ ಇಳಿಯಿರಿ. ಮೇಲೆ ಹೋಗಿ ಸುಧಾರಿಸಿಕೊಳ್ಳೋಣ ಎನ್ನಬೇಡಿ.