ಚರಂಡಿ ಸೇರುವಲ್ಲಿ ಮರಿ ಕಪ್ಪೆಚಿಪ್ಪು ಏಕಿಲ್ಲ?

ಪ್ರಶ್ನೆ: ತುಂಗಭದ್ರೆಗೆ ಚರಂಡಿ ನೀರು ಸೇರುವ ಕಡೆ ದೊಡ್ಡ ಕಪ್ಪೆಚಿಪ್ಪುಗಳಷ್ಟೇ ಸಿಗುತ್ತವೆ, ಮರಿಗಳಿಲ್ಲ. ನೀರಿಗೆ ಸೇರುವ ಹಾರ್ಮೋನಿನಿಂದ ಹೀಗಾಗುತ್ತದೆ ಅನ್ನುತ್ತಾರೆ. ನಿಜವೇ?
— ಹರಿಹರದ ಓದುಗರು

ಉತ್ತರ: ಮರಿ ಕಾಣದ ಮಾತ್ರಕ್ಕೆ ಹಾರ್ಮೋನೇ ಕಾರಣ ಎನ್ನಲಾಗದು. ಗಂಡು ನೀರಿಗೆ ಬಿಟ್ಟ ವೀರ್ಯಾಣುವನ್ನು ಹೆಣ್ಣು ಒಳಗೆಳೆದುಕೊಂಡು ಕಿವಿರಿನಲ್ಲೇ ಮೊಟ್ಟೆ ಬೆಳೆಸುತ್ತದೆ. ಹೊರಬಂದ ಲಾರ್ವಾ (ಮೊಟ್ಟೆಯೊಡೆದ ಎಳೆ ಹುಳು) ಮೀನಿನ ಕಿವಿರಿಗೋ ಈಜುರೆಕ್ಕೆಗೋ ಅಂಟಿಕೊಂಡಿದ್ದು, ಆಮೇಲೆ ಮರಿಯಾಗಿ ಮರಳಿಗೆ ಇಳಿಯಬೇಕು. ಮೀನಿಲ್ಲದಿದ್ದರೂ, ಮರಳು ತೆಗೆದರೂ, ಹೂಳು ಮುಚ್ಚಿದರೂ ಮರಿ ಇರುವುದಿಲ್ಲ.

ಮೊದಲು ಹೆಣ್ಣುಗಳು ಬಸಿರಾಗುತ್ತಿವೆಯೇ ನೋಡಿ. ಚರಂಡಿ ಸೇರುವಲ್ಲಿಂದ ಹೊಳೆಯ ಮೇಲ್ಭಾಗದಲ್ಲೂ ಕೆಳಭಾಗದಲ್ಲೂ, ಒಂದೇ ಆಳ, ಒಂದೇ ಬಗೆಯ ತಳದಲ್ಲಿ ಹತ್ತತ್ತು ಕಡೆ ಒಂದು ಮೀಟರ್ ಚೌಕ ಹಾಕಿ, ಮರಳನ್ನು ಜರಡಿ ಹಿಡಿಯಿರಿ. ಮರಿಗಳು ಹೂತುಕೊಂಡಿರುತ್ತವೆ, ಕೈಯಾಡಿಸಿದರೆ ಸಿಗವು. ಉದ್ದ ಅಳೆದು ಬರೆದಿಡಿ. ದೊಡ್ಡವುಗಳ ಕಿವಿರು ನೋಡಲು ಚಿಪ್ಪನ್ನು ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಬಿಡಿಸಬೇಡಿ, ಚಿಪ್ಪು ಮುಚ್ಚುವ ಸ್ನಾಯು ಹರಿದರೆ ಸಾಯುತ್ತವೆ. ಬಸುರಿಯಾದರೆ ಕಿವಿರು ದಪ್ಪಗೆ ಉಬ್ಬಿರುತ್ತದೆ. ನೋಡಿದ್ದನ್ನು ಅಲ್ಲೇ ಬಿಡಿ, ತಿಂಗಳಿಗೊಮ್ಮೆ ಮತ್ತೆ ನೋಡಿ. ಬಸಿರಿನ ಕಾಲ ತಪ್ಪಿದರೆ ಎಲ್ಲವೂ ಬರಿದೇ ಕಾಣುತ್ತವೆ.

ಎರಡೂ ಕಡೆ ಬಸುರಿಗಳಿದ್ದು ಕೆಳಗೆ ಮಾತ್ರ ಮರಿ ಇಲ್ಲವೆಂದರೆ ಚರಂಡಿ ನೀರಿನ ಅಮೋನಿಯಾದ ಮೇಲೆ ನನ್ನ ಅನುಮಾನ. ಮರಿಗಳಿಗೆ ಅದು ಕಡುವಿಷ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕಪ್ಪೆಚಿಪ್ಪುಗಳನ್ನೂ ಲೆಕ್ಕಕ್ಕೆ ಹಿಡಿದು 2013ರಲ್ಲಿ ದೀರ್ಘಕಾಲದ ಮಿತಿಯನ್ನು ಲೀಟರಿಗೆ 1.9 ಮಿಲಿಗ್ರಾಂಗೆ ಇಳಿಸಿತು (ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, 7; ತಾಪ 20 ಡಿಗ್ರಿ ಇದ್ದಾಗ). ನಮ್ಮ ಬೇಸಿಗೆಯ ಬಿಸಿ ನೀರಿನಲ್ಲಿ, ಪಿಎಚ್ 8 ದಾಟಿದರೆ, ಅದಕ್ಕಿಂತ ಬಹಳ ಕಡಿಮೆಯೂ ಹಾನಿ ಮಾಡೀತು. ಅಮೋನಿಯಾ, ಪಿಎಚ್, ತಾಪ ಮೂರನ್ನೂ ಒಟ್ಟಿಗೆ, ಮಧ್ಯಾಹ್ನ ಅಳೆಯಿರಿ.

ಚರಂಡಿಯ ಕೆಳಗೆ ಬಸುರಿಗಳೇ ಇಲ್ಲದಿದ್ದರೆ ಆಗ ಹಾರ್ಮೋನಿನ ಮಾತು. ಹಡಗಿನ ತಳಕ್ಕೆ ಬಳಿಯುತ್ತಿದ್ದ, ಹಾರ್ಮೋನು ಕೆಡಿಸುವ ರಾಸಾಯನಿಕ ಟ್ರೈಬ್ಯುಟೈಲ್‌ಟಿನ್ ಇದರ ಗಟ್ಟಿ ಉದಾಹರಣೆ: ಲೀಟರಿಗೆ ಕೆಲವೇ ನ್ಯಾನೋಗ್ರಾಂನಲ್ಲಿ ಹೆಣ್ಣು ಕಡಲಬಸವನಹುಳುಗಳಿಗೆ ಗಂಡಿನ ಅಂಗ ಬೆಳೆದು, ಮೊಟ್ಟೆಯ ದಾರಿ ಮುಚ್ಚಿಹೋಯಿತು. ಜಾಗತಿಕ ನಿಷೇಧ ಜಾರಿಗೆ ಬಂದದ್ದು 2008ರಲ್ಲಿ. ಗರ್ಭನಿರೋಧಕ ಮಾತ್ರೆಯ ಎಸ್ಟ್ರೋಜನ್ (ಹೆಣ್ಣಿನ ಹಾರ್ಮೋನು) ಗಂಡು ಮೀನನ್ನು ಕೆಡಿಸುವುದು ಖಚಿತ. ಕಪ್ಪೆಚಿಪ್ಪಿನಲ್ಲಿ ಮಾತ್ರ ವಾದವಿದೆ, ಏಕೆಂದರೆ ಚಿಪ್ಪುಪ್ರಾಣಿಗಳ ಎಸ್ಟ್ರೋಜನ್ ಗ್ರಾಹಕ (ಹಾರ್ಮೋನನ್ನು ಗುರುತಿಸಬೇಕಾದ ಪ್ರೋಟೀನು) ಆ ಹಾರ್ಮೋನಿಗೆ ಓಗೊಡುವುದಿಲ್ಲ. ಕಪ್ಪೆಚಿಪ್ಪುಗಳು ಅದನ್ನು ನೀರಿನಿಂದ ಹೀರಿ ಮಾಂಸದಲ್ಲಿ ಕೂಡಿಟ್ಟುಕೊಳ್ಳುತ್ತವಾದ್ದರಿಂದ, ಮಾಂಸದಲ್ಲಿ ಹಾರ್ಮೋನು ಸಿಕ್ಕಿತೆಂಬ ವರದಿಯನ್ನೇ ಪುರಾವೆಯೆಂದು ನಂಬಬೇಡಿ.